ದ್ಯಾಮವ್ವನ ಕೂಡ ಜಗಳಾಡಿ ಉಳಿಸಿಕೊಂಡ ಹತ್ತನೇ ತರಗತಿ

ಗದಗ ಬೇರೆ ಜಿಲ್ಲೆಯಾದ ಮರುವರ್ಷ, ಒಂಬತ್ತನೇ ತರಗತಿ ಮುಗಿಸಿದ ನನ್ನ ಮಗಳು ಗಿರಿಜಾಳನ್ನು ಲಕ್ಷ್ಮೇಶ್ವರದ ಶಾಲೆಯಿಂದ ಹೊರಗೆ ಹಾಕಲು ನಿಂತಿದ್ದರು. ಕಳ್ಳತನ ಮಾಡಿದ್ದಳೇ? ಇಲ್ಲ. ಇಂಗ್ಲಿಷ್ ಬರುವುದಿಲ್ಲವಂತೆ.

“ಹತ್ತನೇತ್ತಾಗ ಫೇಲಾದ್ರ ಶಾಲಿ ಹೆಸರು ಕೆಡ್ತೈತಿ. ಟಿ.ಸಿ. ಒಯ್ದುಬಿಡ್ರಿ, ಅಕ್ಕಾರ” ಎಂದರು ಹೆಡ್‌ಮಾಸ್ತರು.

“ಕಲಸ್ರೀ ಅಂತ ನಿಮ್ಮ ಕೈಯಾಗ ಕೊಟ್ಟಿದ್ದೆ. ಈಗ ಬರೂದಿಲ್ಲ ಅಂತ ನನಗ ಹೇಳ್ತೀರಲ್ರಿ!”

ಅವರು ಫೈಲು ತಿರುವುತ್ತ ಕುಳಿತರು.

ಮನೆಗೆ ಬಂದು ಮಗಳಿಂದ ಇಂಗ್ಲಿಷ್ ಪಾಠ ಓದಿಸಿದೆ. ಗಡಗಡ ಒಪ್ಪಿಸಿದಳು. “ಈಗ ಹೇಳಿದ ಸಾಲು ಎಲ್ಲೈತಿ, ತೋರ್ಸು” ಎಂದರೆ ಕಣ್ಣು ತುಂಬಿಕೊಂಡಳು. ಮಾಸ್ತರು ಹೇಳುವುದು, ತರಗತಿಯೆಲ್ಲ ಕೂಗುವುದು, ಬೋರ್ಡಿನ ಉತ್ತರ ಇಳಿಸಿಕೊಳ್ಳುವುದು. ಇಷ್ಟೇ ಅಂತೆ ಇಂಗ್ಲಿಷ್!

ಗದಗಿನಲ್ಲಿ ಬೇರೆ ಶಾಲೆ ಕೇಳಿದರೆ ಬಾಗಿಲಿನಿಂದಲೇ ಕಳಿಸಿದರು. ಲಕ್ಷ್ಮೇಶ್ವರಕ್ಕೆ ಮರಳುವ ಬಸ್ಸು ಮುಳಗುಂದ ದಾಟಿದರೂ ನನ್ನ ಬಾಯಿ ನಿಲ್ಲಲಿಲ್ಲ.

“ಯಾರಿಗೆ ಬೈಯಾಕತ್ತೀರಿ, ಯಕ್ಕಾ?” ಎಂದರು ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು.

“ನಮ್ಮ ಊರದೇವಿ ದ್ಯಾಮವ್ವಗ. ಇಷ್ಟು ವರ್ಷ ಉಡಿ ತುಂಬೇನಿ, ಆಕೀನೂ ಹೆಡ್‌ಮಾಸ್ತರ ಕಡೆ ಆಗ್ಯಾಳ!”

ಕಥೆ ಕೇಳಿ ಆಕೆ ನಕ್ಕರು. “ಭಾಳ ಬೈಬ್ಯಾಡ್ರಿ. ನಾ ಇಂಗ್ಲಿಷ್ ಟೀಚರ್ ಅದೀನಿ. ಹುಡುಗೀನ ಕಳಸ್ರಿ.”

ಹೆಸರು ಫಾತಿಮಾ, ಮನೆ ನಮ್ಮ ಪಕ್ಕದ ಓಣಿ! ಅಷ್ಟು ದೊಡ್ಡ ಬಸ್ಸಿನಲ್ಲಿ ನನ್ನನ್ನು ಆ ಸೀಟಿನಲ್ಲಿ ಕೂರಿಸಿದವಳು ಯಾರೆಂದು ನನಗೆ ಗೊತ್ತು.

ಬೇಸಿಗೆ ರಜೆಯಿಡೀ ಗಿರಿಜಾ ಅವರ ಮನೆಗೆ ಹೋದಳು. ಅವರು ಗೈಡು ಮುಟ್ಟಗೊಡಲಿಲ್ಲ. “ಮನ್ಯಾಗ ಏನಾತು, ಹೇಳವಾ” ಎಂದು ಕನ್ನಡದಲ್ಲಿ ಹೇಳಿಸಿ, ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ ಬರೆಸಿ, ಬರೆದದ್ದನ್ನು ಬೆರಳಿಟ್ಟು ಓದಿಸಿದರು. ಫೀ ಒಲ್ಲೆಂದರು, ಬದಲಿಗೆ ನಾನು ಕಡುಬು ಕಳಿಸಿದ್ದಕ್ಕೂ ನನಗೇ ಬೈದರು.

ಶಾಲೆ ತೆರೆದ ದಿನ ಹೆಡ್‌ಮಾಸ್ತರು ಟಿ.ಸಿ. ತಯಾರು ಮಾಡಿಟ್ಟಿದ್ದರು. “ಒಮ್ಮೆ ಓದ್ಸಿ ನೋಡ್ರಿ, ಆಮ್ಯಾಲ ಕೊಡ್ರಿ” ಎಂದೆ. ಹತ್ತನೇ ತರಗತಿಯ ಹೊಸ ಪಾಠ ಕೊಟ್ಟರು. ತಡವರಿಸುತ್ತ ಓದಿದಳು, ಅರ್ಥವನ್ನೂ ಹೇಳಿದಳು. ಏನಾದರೂ ಬರೆ ಎಂದರು. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಳು.

ಅವರು ಓದಿ, ತಡೆಯಲಾರದೆ ನಕ್ಕರು. “ನಮ್ಮವ್ವ ದೇವರ ಕೂಡ ಜಗಳಾಡ್ತಾಳ, ದೇವರು ಸೋಲ್ತಾನ ಅಂತ ಬರದಾಳ್ರಿ. ಕ್ಲಾಸಿಗೆ ಹೋಗವಾ.”

ಮುಂದೆ ಮಗಳು ಪಾಸಾದಳು. ತಾಯಿ ದ್ಯಾಮವ್ವನಿಗೆ ಸಾವಿರ ಶರಣು. ಆದರೆ ಅದೇ ವರ್ಷ ಟಿ.ಸಿ. ಕೈಗಿಟ್ಟು ಕಳಿಸಿದ ಇನ್ನಿಬ್ಬರು ಹುಡುಗಿಯರು ಮತ್ತೆ ಶಾಲೆಗೆ ಬರಲಿಲ್ಲ. ಅವರಿಗೂ ಓದಲು ಯಾರೂ ಕಲಿಸಿರಲಿಲ್ಲ. ಇಂದಿಗೂ ದ್ಯಾಮವ್ವನಿಗೆ ದೀಪ ಹಚ್ಚಿ ಕೈಮುಗಿದ ಮೇಲೆ ಆ ಹುಡುಗಿಯರ ಹೆಸರು ಹೇಳುತ್ತೇನೆ, ನನ್ನ ದನಿ ತಾನಾಗಿ ಏರುತ್ತದೆ. ಕೇಳಿಸಿಕೊಳ್ಳುವವಳು ಎದುರಿಗಿದ್ದಾಳೆಂದೇ ಏರುತ್ತದೆ.