ಬ್ಲಾಗಿಗೊಂದು ಉತ್ತರ

ಬೆಳ್ತಂಗಡಿಯ ಒಂದು ಸಹಕಾರಿ ಸೊಸೈಟಿಯಲ್ಲಿ ವಿಮೆ ಪಾಲಿಸಿ ಮಾರುವುದು ನನ್ನ ಉದ್ಯೋಗ. ಅಂಥ ಪಾಲಿಸಿಯನ್ನು ಉಳಿತಾಯವೆಂದು ನಂಬಬೇಡಿ ಎಂದು ಹೆಸರು ಹಾಕದೆ ಬ್ಲಾಗ್ ಬರೆಯುವುದು ಹವ್ಯಾಸ. ಎರಡೂ ಚೆನ್ನಾಗಿಯೇ ನಡೆದಿದ್ದವು, ಕೊಕ್ಕಡದ ಟೀಚರೊಬ್ಬರು ಬರುವವರೆಗೆ.

ನಾನು ಪಾಲಿಸಿಯ ಗುಣಗಾನ ಮುಗಿಸಿದ ಕೂಡಲೇ ಅವರು ಮೊಬೈಲಿನಲ್ಲಿ ನನ್ನದೇ ಬರಹ ತೋರಿಸಿದರು. “ಇವರು ಬೇಡ ಅಂತ ಬರೆದಿದ್ದಾರಲ್ಲ?”

ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ದರು. “ಬ್ಲಾಗಿನವರನ್ನೆಲ್ಲ ನಂಬುವುದುಂಟಾ ಟೀಚರೇ?” ಎಂದೆ.

“ಅವರಿಗೆ ಬೇರೆ ಕೆಲಸ ಉಂಟಂತೆ, ಸಂಬಳ ಬರ್ತದೆ. ಸುಳ್ಳು ಹೇಳಿ ಅವರಿಗೆ ಏನಾಗ್ಬೇಕು?” ಎನ್ನುತ್ತ ಎದ್ದು ಹೋದರು.

ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. “ಬೇಜಾರು ಮಾಡ್ಬೇಡಿ ಮಾರಾಯ್ರೆ. ಆ ಬ್ಲಾಗಿಗೆ ನೀವೇ ಒಂದು ಉತ್ತರ ಬರೆಯಿರಿ.”

ಭಾನುವಾರ ಇಡೀ ಕೂತು ಬರೆದೆ. ಹೇಗೆ ಬರೆದರೂ ಆ ಬ್ಲಾಗಿನವನು ಹೇಳಿದ್ದೇ ಸರಿ ಅನ್ನಿಸುತ್ತಿತ್ತು.