ಗಾಡಿಗೆ ಹುಡುಕಿದ ಕಂಪ್ಯೂಟರ್

ಲೋಡ್‌ಶೆಡ್ಡಿಂಗಿನ ಆ ವರ್ಷಗಳಲ್ಲಿ ನಾನು ಸಾಂಗಲಿ ಹತ್ತಿರದ ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕುತ್ತಿದ್ದೆ. ಸುತ್ತಲಿನ ಸಹಕಾರಿ ಸಕ್ಕರೆ ಕಾರ್ಖಾನೆಗಳಲ್ಲಿ, ಡೇರಿಗಳಲ್ಲಿ ಕಂಟ್ರೋಲ್ ಪ್ಯಾನೆಲ್ ಕೆಟ್ಟರೆ ನಮ್ಮಲ್ಲಿಗೆ ಬರುತ್ತಿತ್ತು. ಅಲ್ಲಿ ಹೆಣ್ಣುಮಗಳೆಂದರೆ ನಾನೊಬ್ಬಳೇ.

ಸಾಂಗಲಿಯ ವಿಶ್ರಾಮಬಾಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಪ್ರದರ್ಶನವೊಂದಕ್ಕೆ ಹೋದಾಗ, ಗೋಡೆಯ ಪಕ್ಕಕ್ಕೇ ತಾನಾಗಿ ಓಡುವ ಪುಟ್ಟ ಗಾಡಿ ಕಂಡೆ. ಅದರ ಬಾಲದಂತೆ ಒಂದು ವೈರು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ವೈರೇ ಇಲ್ಲದ್ದನ್ನು ನಾನು ಮಾಡಬೇಕು ಅಂತ ಅಲ್ಲೇ ನಿಂತು ನಿಶ್ಚಯಿಸಿದೆ. ಮಿರಜದ ನಮ್ಮ ಚಾಳಿನ, ಅಂದರೆ ಸಾಲುಮನೆಗಳ, ಉದ್ದನೆಯ ಪಡಸಾಲೆಯ ಈ ತುದಿಯಿಂದ ಆ ತುದಿಗೆ, ಒಂದು ಸಲ ಚಾರ್ಜ್ ಮಾಡಿದರೆ ಇಡೀ ಸಂಜೆ ಅದು ಓಡಬೇಕು.

ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್, ನಾವು ಕಾಕಾ ಅನ್ನುತ್ತಿದ್ದವರು, ಗಾಡಿಗೆ ತಲೆಯಾಗಲಿ ಅಂತ ಗುಜರಿಯಿಂದ ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ ತಂದುಕೊಟ್ಟರು. ಪರದೆ ಜೋಡಿಸಬಹುದು, ತಪ್ಪಾದರೆ ಕಣ್ಣಿಗೆ ಕಾಣುತ್ತದೆ, ಹೊಸಬರಿಗೆ ಇದೇ ಸುಲಭ ಎಂಬುದು ಅವರ ಮಾತು. ಅದನ್ನು ಹಲಗೆಗೆ ಬಿಗಿದು, ಸ್ಕೂಟರಿನ ಬ್ಯಾಟರಿ ಹೇರಿ, ಚಕ್ರ ಕೂಡಿಸಿದೆ. ಮುಕ್ಕಾಲು ಗಂಟೆಗೆ ಬ್ಯಾಟರಿ ಬರಿದು. ಅದಕ್ಕಿಂತ ಮೊದಲೇ, ಮೋಟರು ಜಗ್ಗಿದಾಗಲೆಲ್ಲ ಕಂಪ್ಯೂಟರ್ ಬಂದಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಕರೆಂಟು ದಿನಕ್ಕೆ ಎಷ್ಟೋ ತಾಸು ಇಲ್ಲದ ಊರಲ್ಲಿ ಮತ್ತೆ ಚಾರ್ಜ್ ಮಾಡುವುದಾದರೂ ಯಾವಾಗ? ದೊಡ್ಡ ಬ್ಯಾಟರಿ ಇಟ್ಟು ನೋಡಿದೆ. ಅದರ ಭಾರಕ್ಕೆ ಗಾಡಿ ಅಲುಗಲೇ ಇಲ್ಲ.

ಬಾಗಿಲ ಬಳಿಯ ಖಾಟಿನಲ್ಲಿ ಕೂತು ಅಪ್ಪ ಇದೆಲ್ಲ ನೋಡುತ್ತಿದ್ದ. ಅಥಣಿ ಕಡೆಯಿಂದ ಬಂದು ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಹಮಾಲಿ ಮಾಡಿದವನು. ಬೆನ್ನಿಗೆ ಪೆಟ್ಟಾದ ಮೇಲೆ ಖಾಟು ಬಿಟ್ಟು ಏಳುತ್ತಿರಲಿಲ್ಲ. ದಿನಾ ನಡೆಯಬೇಕು ಅಂತ ಡಾಕ್ಟರು ಹೇಳಿದ್ದರು. ಎಲ್ಲಿಗೆ ಅಂತ ನಡೀಲಿ ಎನ್ನುವುದು ಅವನ ಉತ್ತರ.

"ತಲಿನಽ ಅಷ್ಟು ಉಂಡ್ರ ಕಾಲಿಗೆ ಏನು ಉಳಿತೈತಿ?" ಅಂದ ಅಪ್ಪ.

ಆ ಮಾತು ಮನಸ್ಸಿನಲ್ಲೇ ಕೂತಿತು. ಮುಂದಿನ ರವಿವಾರ ಲಿಂಗನೂರಿಗೆ, ಅವ್ವನ ತಂಗಿ ಮಾವಶಿಯ ಮನೆಗೆ ಹೋಗಿದ್ದೆ. ಸಂಜೆ ಅವಳ ಜೊತೆ ಹಾಲು ಹಾಕಲು ಡೇರಿಗೆ ಹೋದೆ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಆದರೆ ಹಾಲಿನ ಫ್ಯಾಟ್ ನೋಡುವ ಯಂತ್ರದ ಕೆಂಪು ಅಂಕಿಗಳು ಆರಲಿಲ್ಲ. ಡೇರಿಯ ಸೆಕ್ರೆಟರಿಯನ್ನು ಕೇಳಿದೆ. ಒಳಗೊಂದು ಸಣ್ಣ ಬ್ಯಾಟರಿ ಇದೆ, ಎರಡು ಹೊತ್ತಿನ ಹಾಲು ಅದರ ಮೇಲೇ ಆಗುತ್ತದೆ ಅಂದರು. ಮುಚ್ಚಳ ತೆಗೆದು ತೋರಿಸಿರಿ ಅಂದೆ. ಅವರು ಹಿಂದೆಮುಂದೆ ನೋಡಿದರು. ಸಾಲು ಮುಗಿಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಕೊನೆಗೆ ಅವರೇ ಸ್ಕ್ರೂಡ್ರೈವರ್ ಕೊಟ್ಟರು. ಒಳಗಿದ್ದದ್ದು ಬೆರಳಷ್ಟು ಉದ್ದದ, ನಲವತ್ತು ಕಾಲಿನ ಒಂದು ಕರಿ ಚಿಪ್. ತೂಕ, ಫ್ಯಾಟು, ಲೆಕ್ಕ ಎಲ್ಲವನ್ನೂ ಅದೊಂದೇ ಮಾಡುತ್ತಿತ್ತು. ಬೆರಳಿಟ್ಟು ನೋಡಿದೆ. ಒಂಚೂರೂ ಬಿಸಿಯಾಗಿರಲಿಲ್ಲ.

ಮರುದಿನವೇ ಅಂಥದೇ ಒಂದು ಚಿಪ್ ತಂದು ಕಾಕಾಗೆ ತೋರಿಸಿ, ಮದರ್‌ಬೋರ್ಡ್ ತಿರುಗಿ ಕೊಟ್ಟೆ. ಅವರಿಗೆ ಸ್ವಲ್ಪ ಬೇಜಾರಾಯಿತು.

"ಇದಕ್ಕ ಪರದೆ ಇಲ್ಲ, ಏನೂ ಇಲ್ಲ. ಎಲ್ಲಿ ತಪ್ಪೇತಿ ಅಂತ ಹೆಂಗ ತಿಳಿಬೇಕ ತಂಗಿ?"

"ಒಂದು ದೀಪ ಹಚ್ಚತೇನ್ರಿ ಕಾಕಾ. ಅದು ಮಿಣುಕೂದರಾಗ ತಿಳಕೋತೇನಿ."

ತಿಳಿದುಕೊಳ್ಳಲು ಆ ಮಳೆಗಾಲ ಪೂರ್ತಿ ಹಿಡಿಯಿತು. ಚಿಪ್‌ಗೆ ಪ್ರೋಗ್ರಾಮ್ ತುಂಬುವ ಸಾಧನ ವರ್ಕ್‌ಶಾಪಿನಲ್ಲೇ ಇತ್ತು. ಊಟದ ಸೂಟಿಯಲ್ಲಿ ಅದು ನನ್ನದು. ಒಂದು ಸಾಲು ತಪ್ಪಿದರೂ ಚಿಪ್ ಕಿತ್ತು, ಅಳಿಸಿ, ಮತ್ತೆ ತುಂಬಬೇಕು. ಹೀಗೆ ಕಿತ್ತು ಕಿತ್ತು ಮೊದಲ ಚಿಪ್‌ನ ಎರಡು ಕಾಲು ಮುರಿದವು. ಇನ್ನೊಂದು ತಂದೆ. ಡಬ್ಬಿಯ ಊಟ ಎಷ್ಟೋ ದಿನ ಹಾಗೇ ಮನೆಗೆ ವಾಪಸು ಹೋಯಿತು.

ಗಣಪತಿ ಹಬ್ಬ ಕಳೆದ ಮೇಲೆ ಒಂದು ರವಿವಾರ, ಮಧ್ಯಾಹ್ನ ನಾಲ್ಕಕ್ಕೆ ಗಾಡಿಯನ್ನು ಪಡಸಾಲೆಯಲ್ಲಿ ಬಿಟ್ಟೆ. ಗೋಡೆಯಿಂದ ಒಂದು ಗೇಣು ದೂರ ಇಟ್ಟುಕೊಂಡು ಅದು ಹೊರಟಿತು. ಆರಾಯಿತು, ಏಳಾಯಿತು, ಓಡುತ್ತಲೇ ಇತ್ತು. ತಪ್ಪು ಒಂದೇ: ತುದಿ ಮುಟ್ಟಿದರೆ ತಿರುಗಲು ಬಾರದೆ ಗೋಡೆಗೆ ಮೂತಿ ಒತ್ತಿ ನಿಲ್ಲುತ್ತಿತ್ತು. ನಾನೇ ಓಡಿ ಹೋಗಿ ತಿರುಗಿಸುತ್ತಿದ್ದೆ. ಅಡಿಗೆಗೆ ಒಳಗೆ ಹೋದವಳು ಹೊರಬಂದು ನೋಡಿದರೆ ಅಪ್ಪ ಖಾಟಿನಲ್ಲಿ ಇರಲಿಲ್ಲ. ಗೋಡೆ ಹಿಡಿದು, ಗಾಡಿಯ ಹಿಂದೆ ನಿಧಾನ ನಡೆಯುತ್ತ ಆ ತುದಿ ಮುಟ್ಟಿದ್ದ. ಕಾಲಿನಿಂದ ಅದನ್ನು ಹಗೂರಕ್ಕೆ ತಿರುಗಿಸಿ, ಮತ್ತೆ ಅದರ ಹಿಂದೆಯೇ ಬಂದ.

ತಿರುಗುವ ಪ್ರೋಗ್ರಾಮ್ ಮುಂದಿನ ವಾರ ಸರಿಹೋಯಿತು. ಅದನ್ನು ತುಂಬಿದ ಹೊಸ ಚಿಪ್ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲೇ, ಗಾಡಿಯ ಹಿಂದೆ ಇದ್ದ. ಇನ್ನು ಅದು ತಾನೇ ತಿರುಗುತ್ತದೆ ಅಂದೆ. ಅವನು ಬೇಡ ಅನ್ನಲಿಲ್ಲ, ಕೇಳಿದ ಅಷ್ಟೆ: "ಇನ್ನ ಅದಕ್ಕ ನಾ ಬೇಕಾಗಂಗಿಲ್ಲೇನವ್ವಾ?"

ಹೊಸ ಚಿಪ್ಪನ್ನು ಜೇಬಿನಿಂದ ತೆಗೆಯಲೇ ಇಲ್ಲ. ಹಳೇ ಗಾಡಿಯನ್ನು ಅಪ್ಪನಿಗೇ ಬಿಟ್ಟು, ಆ ಚಿಪ್‌ಗಾಗಿ ಇನ್ನೊಂದು ಗಾಡಿಯ ಕೆಲಸ ಆ ವಾರವೇ ಹಿಡಿದೆ.