ಅಪ್ಪನ ಸ್ವರವಿದ್ದ ಕಂಪ್ಯೂಟರ್

"ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡುವ, ಬೇರೆ ದಾರಿ ಇಲ್ಲ" ಎಂದು ಮೂಡುಬಿದಿರೆಯಿಂದ ರಿಪೇರಿಗೆ ಬಂದಿದ್ದ ಅಶ್ರಫ್ ಹೇಳಿದ್ದೇ ತಡ, ಅಪ್ಪ ಎದ್ದು ಬಂದು ಕಂಪ್ಯೂಟರಿಗೆ ಅಡ್ಡ ನಿಂತರು. ಬೇಡ ಎನ್ನಲು ಅವರಿಗೆ ಸ್ವರವಿರಲಿಲ್ಲ. ಗಂಟಲಿನ ಆಪರೇಷನ್‌ನಲ್ಲಿ ಅದು ಹೋಗಿತ್ತು. ಆಸ್ಪತ್ರೆಗೆ ಹೊರಡುವ ಮೊದಲು ಅವರ ಮಾತನ್ನು ನಾನು ಇದೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ಈಗ ಯಾರದೋ ಪೆನ್‌ಡ್ರೈವ್‌ನಿಂದ ವೈರಸ್ ಹೊಕ್ಕು ಫೋಲ್ಡರುಗಳೆಲ್ಲ ಮಾಯವಾಗಿದ್ದವು.

ನಾನು ಅಶ್ರಫ್‌ಗೆ ವಿಷಯ ಹೇಳಿದೆ. ಅವರು ಬ್ಯಾಗಿನಿಂದ ಹೊಸ ಆಂಟಿವೈರಸ್ ಸಿ.ಡಿ. ತೆಗೆದರು. "ಇದನ್ನು ಹಾಕಿ ನೋಡುವ. ಆದರೆ ವೈರಸ್ ಜೊತೆ ಫೈಲೂ ಹೋಗುವ ಸಾಧ್ಯತೆ ಉಂಟು."

ಅಪ್ಪ ನನ್ನ ಮುಖ ನೋಡಿದರು. ನಾನು "ಹಾಕಿ" ಎಂದೆ.

ಸ್ಕ್ಯಾನ್ ಶುರುವಾಯಿತು. ಪರದೆಯಲ್ಲಿ ಕೆಂಪು ಸಾಲುಗಳು ಒಂದರ ಮೇಲೊಂದು ಬರುತ್ತಿದ್ದವು. ಪ್ರತಿ ಸಲವೂ 'ಅಳಿಸಲೇ?' ಎಂದು ಅದು ಕೇಳುವಾಗ ಅಶ್ರಫ್ ಫೈಲಿನ ಹೆಸರು ಓದಿಯೇ ಮೌಸ್ ಒತ್ತುತ್ತಿದ್ದರು. ನನ್ನ ಹೆಗಲ ಮೇಲಿದ್ದ ಅಪ್ಪನ ಬೆರಳುಗಳು ಬಿಗಿಯಾಗುತ್ತಲೇ ಹೋದವು.

ಕೊನೆಗೆ ಫೋಲ್ಡರುಗಳು ಒಂದೊಂದಾಗಿ ಕಾಣಿಸಿಕೊಂಡವು. ನಾನು ರೆಕಾರ್ಡಿಂಗ್ ತೆರೆದೆ. "ಯಮುನಾ, ಒಮ್ಮೆ ಇಲ್ಲಿ ಬಾ" ಎಂದು ಅಪ್ಪನ ಸ್ವರ ಕೋಣೆ ತುಂಬಿತು.

ಅಡುಗೆಮನೆಯಿಂದ ಅಮ್ಮ, "ಹಾಂ, ಬಂದೆ" ಎಂದರು.

ಮರುಕ್ಷಣ ಅವರು ಓಡಿಬಂದು ಬಾಗಿಲಲ್ಲಿ ನಿಂತುಬಿಟ್ಟರು. ಆ ರೆಕಾರ್ಡಿಂಗಿನ ಪ್ರತಿ ಈಗ ಅಕ್ಕನ ಮನೆಯಲ್ಲೂ ಉಂಟು. ಅಮ್ಮನ ಆ "ಬಂದೆ" ಮಾತ್ರ ಎಲ್ಲಿಯೂ ರೆಕಾರ್ಡ್ ಆಗಿಲ್ಲ, ನನ್ನ ಕಿವಿಯಲ್ಲಿದೆ.